ಬರೆದಿಟ್ಟ ಪ್ರಾರ್ಥನೆಗಳು: ಕೀರ್ತನೆ, ಕಲೆಕ್ಟ್, ಜಪಸರ, ನೋಟ್‌ಬುಕ್ – ಯಾರಿಗೆ ಯಾವುದು?

ಪ್ರಾರ್ಥನೆ ಬತ್ತುವುದು ಒಂದೇ ಬಗೆಯಲ್ಲಲ್ಲ. ಮೊಣಕಾಲೂರಿದರೆ ಮಾತೇ ಹೊರಡದಿರುವುದು ಒಂದು. ಮಾತು ಹೊರಟರೂ ಅದು ದಿನವೂ ಅದೇ ಬೇಡಿಕೆಗಳ ಪಟ್ಟಿಯಾಗುವುದು ಇನ್ನೊಂದು. ಕಣ್ಣು ಮುಚ್ಚಿದ ಕೂಡಲೇ ಮನಸ್ಸು ಒಲೆಯ ಮೇಲಿನ ಹಾಲಿನ ಕಡೆ ಓಡುವುದು ಮತ್ತೊಂದು. ಬರೆದಿಟ್ಟ ಪ್ರಾರ್ಥನೆ ಮೂರಕ್ಕೂ ಒದಗುತ್ತದೆ, ಆದರೆ ಒಂದೇ ಬಗೆಯದು ಮೂರಕ್ಕೂ ಒದಗದು. ‘ನೋಡಿಕೊಂಡು ಓದುವುದೂ ಒಂದು ಪ್ರಾರ್ಥನೆಯೇ?’ ಎನ್ನುವವರು ಎಲ್ಲ ಸಭೆಯಲ್ಲೂ ಇದ್ದಾರೆ. ಆದರೆ ಯೇಸು ಶಿಲುಬೆಯ ಮೇಲೆ ಕೂಗಿದ್ದೇ ಬೈಬಲಿನ 22ನೇ ಕೀರ್ತನೆಯ ಮೊದಲ ಮಾತು. ಪ್ರಾಣ ಬಿಡುವಾಗ ಬಾಯಿಗೆ ಬಂದದ್ದು 31ನೆಯದು. ಲೂಕ 1ರಲ್ಲಿ ಮರಿಯಳು ಹಾಡಿದ್ದರಲ್ಲಿ 1 ಸಮುವೇಲ 2ರ ಹನ್ನಳ ಪ್ರಾರ್ಥನೆ ಉದ್ದಕ್ಕೂ ಕೇಳಿಸುತ್ತದೆ.

ಮಾತೇ ಹೊರಡದವರಿಗೆ ನಮ್ಮ ಮೊದಲ ಆಯ್ಕೆ ಕೀರ್ತನೆಗಳು. ಆಂಗ್ಲಿಕನ್ (ಇಂಗ್ಲೆಂಡಿನ ಸಭೆಯ) ಪ್ರಾರ್ಥನಾ ಪುಸ್ತಕದ ಹಳೆಯ ಕ್ರಮದಲ್ಲಿ 150 ಕೀರ್ತನೆಗಳನ್ನು 30 ದಿನಕ್ಕೆ, ಬೆಳಗ್ಗೆ ಸಂಜೆ ಎಂದು 60 ಪಾಲು ಮಾಡಿದ್ದಾರೆ: ಮೊದಲ ದಿನ ಬೆಳಗ್ಗೆ 1ರಿಂದ 5, ಸಂಜೆ 6ರಿಂದ 8. ಮನೆವಾರ್ತೆ ಇರುವವರಿಗೆ ಇದು ಹೆಚ್ಚಾಯಿತು. 15ನೇ ದಿನ ಸಂಜೆ 72 ವಚನಗಳ 78ನೇ ಕೀರ್ತನೆ ಎದುರಾದಾಗ ಹಲವರು ಪುಸ್ತಕ ಮುಚ್ಚಿಬಿಡುತ್ತಾರೆ. ದಿನಕ್ಕೆ ಒಂದೇ ಸಾಕು, ಅದೂ ಚಿಕ್ಕದು. 13ನೆಯದರಿಂದ ಆರಂಭಿಸಿ: ಆರೇ ವಚನ. ಮೊದಲೆರಡರಲ್ಲಿ ‘ಎಷ್ಟರವರೆಗೆ’ ಎಂಬ ದೂರು, ನಡುವಿನ ಎರಡರಲ್ಲಿ ಬೇಡಿಕೆ, ಕೊನೆಯ ಎರಡರಲ್ಲಿ ಭರವಸೆ. ಒಮ್ಮೆ ಗಟ್ಟಿಯಾಗಿ ಓದಿ. ಎರಡನೇ ಸಲ, ಚುಚ್ಚಿದ ಸಾಲಿನಲ್ಲಿ ನಿಲ್ಲಿ. ಮೂರನೇ ಸಲ ಆ ಸಾಲಿಗೆ ನಿಮ್ಮದೊಂದು ವಾಕ್ಯ ಸೇರಿಸಿ. ಬಾಯಲ್ಲಿ ನಿಲ್ಲಬೇಕಾದರೆ ಹಳೆಯ ಅನುವಾದವೇ ಮೇಲು: ‘ಯೆಹೋವನು ನನಗೆ ಕುರುಬನು, ಕೊರತೆಪಡೆನು’ ಎಂಬುದನ್ನು ಒಮ್ಮೆ ಕೇಳಿದರೆ ಮರೆಯುವುದಿಲ್ಲ. 88ನೆಯದನ್ನು ಮಾತ್ರ ತಿಳಿದು ಓದಿ, ಅದು ಕತ್ತಲೆಯಲ್ಲೇ ಮುಗಿಯುತ್ತದೆ. ದುಃಖದಲ್ಲಿರುವವರಿಗೆ ಅದೇ ಬೇಕಾಗಿರಲೂಬಹುದು.

ಬೇಡಿಕೆಯ ಪಟ್ಟಿಯ ರೋಗಕ್ಕೆ ಕಲೆಕ್ಟ್‌ನಷ್ಟು ಒಳ್ಳೆಯ ಮದ್ದಿಲ್ಲ. ಸಿಎಸ್‌ಐ (ದಕ್ಷಿಣ ಭಾರತ ಸಭೆ) ಸಭೆಗಳ ಭಾನುವಾರದ ಆರಾಧನೆಯಲ್ಲಿ ಕೇಳುವ, ಒಂದೇ ಬೇಡಿಕೆಯ ಚಿಕ್ಕ ಪ್ರಾರ್ಥನೆ ಇದು. ಕ್ಯಾಂಟರ್ಬರಿಯ ಆರ್ಚ್‌ಬಿಷಪ್ ಥಾಮಸ್ ಕ್ರಾನ್ಮರ್ 1549ರ ಪ್ರಾರ್ಥನಾ ಪುಸ್ತಕಕ್ಕಾಗಿ ಇಂಥ ಹಲವನ್ನು ಲ್ಯಾಟಿನ್‌ನಿಂದ ತಂದ. ಅರ್ಧ ನಿಮಿಷದಲ್ಲಿ ಮುಗಿಯುವುದರಿಂದ ಅಡುಗೆಮನೆಯ ಕಪಾಟಿನ ಬಾಗಿಲಿಗೆ ಅಂಟಿಸಿಡಬಹುದು. ಇದಕ್ಕೆ ಐದು ಅಂಗ: ದೇವರನ್ನು ಕರೆಯುವುದು, ಆತನು ಎಂಥವನು ಎನ್ನುವುದು, ಒಂದೇ ಒಂದು ಬೇಡಿಕೆ, ಅದು ಯಾಕೆ ಬೇಕು, ಕ್ರಿಸ್ತನ ಹೆಸರಿನಲ್ಲಿ ಮುಕ್ತಾಯ. ಅನುವಾದವಾದ ಕಲೆಕ್ಟ್‌ಗಳು ಕನ್ನಡದಲ್ಲಿ ತೊಡರುವುದು ಮೊದಲೆರಡು ಅಂಗಗಳಲ್ಲೇ. ಕನ್ನಡದಲ್ಲಿ ಎಂಥವನು ಎಂಬುದು ಮುಂದೆ ಬರಬೇಕು, ಕರೆ ಹಿಂದೆ. ಅಡವಿಗೆ ಓಡಿಹೋದ ಅಬ್ರಹಾಮನ ಮನೆಯ ದಾಸಿ ಹಾಗರಳನ್ನು ನೆನೆದು ಹೀಗೆ: ‘ಅಡವಿಯಲ್ಲಿ ಹಾಗರಳನ್ನು ನೋಡಿದ ದೇವರೇ, ಇವತ್ತು ಮಗಳ ಜೊತೆ ಮಾತಾಡುವಾಗ ನನ್ನ ನಾಲಿಗೆಗೆ ತಾಳ್ಮೆ ಕೊಡು, ಅವಳು ಹೆದರದೆ ಮನಸ್ಸು ಬಿಚ್ಚುವಂತೆ, ಯೇಸು ಕ್ರಿಸ್ತನ ಮುಖಾಂತರ, ಆಮೆನ್.’ ಎರಡನೇ ಬೇಡಿಕೆ ನುಸುಳಿದರೆ ಅದಕ್ಕೆ ಇನ್ನೊಂದು ಕಲೆಕ್ಟ್ ಬರೆಯಿರಿ, ಇದರಲ್ಲೇ ತುರುಕಬೇಡಿ. ನಾಲ್ಕನೇ ಅಂಗ ಬಿಟ್ಟರೆ ಮತ್ತೆ ಹಳೆಯ ಪಟ್ಟಿಯೇ. ‘ಯಾಕೆ’ ಎಂದು ಕೇಳಿಕೊಂಡಾಗ ಅರ್ಧ ಬೇಡಿಕೆಗಳು ತಾವಾಗಿಯೇ ಬದಲಾಗುತ್ತವೆ.

ಓಡುವ ಮನಸ್ಸಿಗೆ, ಕಥೋಲಿಕರಾದರೆ, ಜಪಸರ, ಅಂದರೆ ಮಣಿ ಎಣಿಸುತ್ತ ಹೇಳುವ ರೋಸರಿ. ಬೆರಳಿಗೆ ಕೆಲಸ ಸಿಕ್ಕರೆ ಮನಸ್ಸು ತುಸು ಹಿಡಿತಕ್ಕೆ ಬರುತ್ತದೆ. ಪೂರ್ತಿ ಹೇಳಿದರೆ 53 ‘ನಮೋ ಮರಿಯಾ’, ಸುಮಾರು 20 ನಿಮಿಷ. ಹೇಳುತ್ತ ಧ್ಯಾನಿಸುವ ಯೇಸು, ಮರಿಯಳ ಬದುಕಿನ ಘಟನೆಗಳಿಗೆ ರಹಸ್ಯಗಳೆಂದು ಹೆಸರು. ಸೋಮವಾರ, ಶನಿವಾರ ಸಂತೋಷದ ರಹಸ್ಯಗಳು. ಮಂಗಳವಾರ, ಶುಕ್ರವಾರ ದುಃಖದವು. ಬುಧವಾರ, ಭಾನುವಾರ ಮಹಿಮೆಯವು. ಗುರುವಾರಕ್ಕೆ 2002ರಲ್ಲಿ ಪೋಪ್ ಎರಡನೇ ಜಾನ್ ಪೌಲ್ ಸೇರಿಸಿದ ಬೆಳಕಿನ ರಹಸ್ಯಗಳು. ಕೆಡುವುದು ವೇಗದಲ್ಲಿ: ಮುಗಿಸುವ ಆತುರಕ್ಕೆ ರಹಸ್ಯ ಮರೆತು ಎಣಿಕೆ ಮಾತ್ರ ಉಳಿಯುತ್ತದೆ. ಸಮಯವಿಲ್ಲದ ದಿನ ಐದು ದಶಕ (ಹತ್ತು ‘ನಮೋ ಮರಿಯಾ’ಗಳ ಗುಂಪು) ಓಡಿಸುವ ಬದಲು ಒಂದನ್ನೇ ನಿಧಾನವಾಗಿ ಹೇಳುವುದು ಲೇಸು. ಪ್ರಾಟೆಸ್ಟಂಟರು ಇದಕ್ಕೆ ಬದಲಾಗಿ ಒಂದೊಂದು ವಚನಕ್ಕೂ ‘ಆತನ ಕೃಪೆಯು ಶಾಶ್ವತ’ ಎಂಬ ಮರುಪಲ್ಲವಿ ಇರುವ 136ನೇ ಕೀರ್ತನೆಯನ್ನು ಹೇಳಿಕೊಳ್ಳಬಹುದು.

ನೋಟ್‌ಬುಕ್‌ನಲ್ಲಿ ಸ್ವಂತ ಪ್ರಾರ್ಥನೆ ಬರೆಯುವುದನ್ನು ಎಲ್ಲರೂ ಮೊದಲಿಗೇ ಹೇಳಿಕೊಡುತ್ತಾರೆ. ನಮ್ಮ ಪ್ರಕಾರ ಅದು ಕೊನೆಯದು. ಖಾಲಿ ಹಾಳೆ ಬತ್ತಿದ ಮನಸ್ಸನ್ನು ಇನ್ನಷ್ಟು ಬತ್ತಿಸುತ್ತದೆ. ಕೀರ್ತನೆ, ಕಲೆಕ್ಟ್ ಒಂದೆರಡು ತಿಂಗಳು ರೂಢಿಯಾದ ಮೇಲೆ ಹಿಡಿದರೆ ಸಲೀಸು. ಎಡಪುಟದಲ್ಲಿ ತಾರೀಖು ಹಾಕಿ ಐದು ಸಾಲು, ಅದಕ್ಕಿಂತ ಉದ್ದವಾದರೆ ಡೈರಿಯಾಗುತ್ತದೆ. ಬಲಪುಟ ಖಾಲಿ ಬಿಡಿ, ಉತ್ತರ ಬಂದಾಗ ಬರೆಯಲು. ಅತ್ತೆಯ ಮೇಲಿನ ಸಿಟ್ಟನ್ನೂ ಗಂಡನ ಸಾಲವನ್ನೂ ಹೆಸರು ಹಿಡಿದು ಬರೆಯುವುದಾದರೆ ನೋಟ್‌ಬುಕ್ ಎಲ್ಲಿಡಬೇಕೆಂದು ಮೊದಲೇ ಗೊತ್ತುಮಾಡಿಕೊಳ್ಳಿ. ಇಲ್ಲವೇ ಹೆಸರಿನ ಮೊದಲಕ್ಷರ ಮಾತ್ರ ಬರೆಯಿರಿ. ಯಾರಾದರೂ ಓದಿಯಾರೆಂಬ ಹೆದರಿಕೆ ಇದ್ದರೆ ಕೈ ಸುಳ್ಳು ಬರೆಯುತ್ತದೆ.