ಮನೆಯಲ್ಲೇ ಪರೀಕ್ಷೆ ಎಂದು ನಂಬಿ ಶುಲ್ಕ ಕಟ್ಟುವ ಮುನ್ನ

ಪಾವಗಡದಲ್ಲಿ ಕೆಲಸ ಮಾಡಿಕೊಂಡೇ ಎಂ.ಕಾಂ. ಮುಗಿಸಬೇಕೆಂದು ಕಳೆದ ವರ್ಷ ತುಮಕೂರಿನ ಏಜೆಂಟರೊಬ್ಬರ ಮೂಲಕ ಹೊರರಾಜ್ಯದ ಖಾಸಗಿ ವಿಶ್ವವಿದ್ಯಾಲಯವೊಂದಕ್ಕೆ ಸೇರಿದೆ. ಅವರು ಅದನ್ನು ದೂರಶಿಕ್ಷಣವೆಂದೇ ಹೇಳಿದ್ದರು; ಆನ್‌ಲೈನ್ ಕೋರ್ಸ್ ಎಂಬುದು ಶುಲ್ಕ ಕಟ್ಟಿದ ಮೇಲೆ ತಿಳಿಯಿತು. ವಿಶ್ವವಿದ್ಯಾಲಯ ಧನಸಹಾಯ ಆಯೋಗದ (ಯುಜಿಸಿ) 2020ರ ನಿಯಮಾವಳಿಯಲ್ಲಿ ಇವೆರಡೂ ಬೇರೆ ಬೇರೆ. ದೂರಶಿಕ್ಷಣಕ್ಕೆ ಕಲಿಕಾ ಕೇಂದ್ರ, ಸಂಪರ್ಕ ತರಗತಿಗಳಿರುತ್ತವೆ ಮತ್ತು ಇಂಥ ವಿಶ್ವವಿದ್ಯಾಲಯಗಳು ಅದನ್ನು ಸ್ವಂತ ರಾಜ್ಯದ ಆಚೆ ನಡೆಸುವಂತಿಲ್ಲ. ಆನ್‌ಲೈನ್ ಕೋರ್ಸಿಗೆ ಗಡಿಯೂ ಇಲ್ಲ, ಕಷ್ಟ ಬಂದಾಗ ಹೋಗಿ ಕೇಳಲು ಒಂದು ಬಾಗಿಲೂ ಇಲ್ಲ.

ವಿಡಿಯೊ ಪಾಠಗಳ ಬಗ್ಗೆ ನನ್ನ ತಕರಾರಿಲ್ಲ. ಪೆಟ್ಟು ಬಿದ್ದದ್ದು ಪರೀಕ್ಷೆಯಲ್ಲಿ. ಅಲ್ಲಿ ತಂತ್ರಾಂಶವೇ ಮೇಲ್ವಿಚಾರಕ: ಮೊದಲು ಲ್ಯಾಪ್‌ಟಾಪ್ ಎತ್ತಿ ನಾಲ್ಕು ಗೋಡೆ, ಮೇಜಿನ ಅಡಿಭಾಗ ಎಲ್ಲವನ್ನೂ ತೋರಿಸಬೇಕು, ಆಮೇಲೆ ಮುಖ ಕ್ಯಾಮೆರಾದಿಂದ ಸರಿಯಬಾರದು, ಬೇರೆ ದನಿ ಕೇಳಿಸಬಾರದು. ನಮ್ಮದು ಎರಡು ಕೋಣೆಯ ಶೀಟಿನ ಮನೆ. ಎರಡನೆಯ ಪತ್ರಿಕೆಯ ನಡುವೆ ಕರೆಂಟು ಹೋಯಿತು (ತಿರುಮಣಿ ಬಳಿ 2,050 ಮೆಗಾವ್ಯಾಟ್‌ನ ಸೌರ ಪಾರ್ಕ್ ಇರುವ ತಾಲ್ಲೂಕು ನಮ್ಮದೇ). ವೈಫೈ ನಿಂತು, ನಾನು ಬಗ್ಗಿ ಮೊಬೈಲ್‌ನ ಹಾಟ್‌ಸ್ಪಾಟ್ ಹಾಕುವಷ್ಟರಲ್ಲಿ ಅಜ್ಜಿ ಬಾಗಿಲಿಗೆ ಬಂದು, “ಕರೆಂಟು ಹೋಯ್ತೇನೋ ಮಗಾ?” ಎಂದು ಕೇಳಿದರು. ಸುಮ್ಮನಿರುವಂತೆ ಕೈಸನ್ನೆ ಮಾಡಿದೆ.

ವರದಿಯಲ್ಲಿ ಬಂದದ್ದು ಇಷ್ಟು: ಸಂಪರ್ಕ ಕಡಿತ, ಮುಖ ಕಾಣಿಸಿಲ್ಲ, ಎರಡನೆಯ ವ್ಯಕ್ತಿಯ ದನಿ, ಅನುಮಾನಾಸ್ಪದ ಸನ್ನೆ. ಪತ್ರಿಕೆ ರದ್ದಾಯಿತು. ಆ ಹೊತ್ತಿನ ರೆಕಾರ್ಡಿಂಗನ್ನು ಯಾರಾದರೂ ನೋಡಿ, ಕೇಳಿ ಎಂದು ಐದು ಇಮೇಲ್ ಬರೆದೆ. ಐದಕ್ಕೂ ಅಕ್ಷರ ಬದಲಾಗದ ಒಂದೇ ಉತ್ತರ ಬಂತು. ಕಾಲೇಜಿನ ಕೊಠಡಿಯಲ್ಲಿ ಕರೆಂಟು ಹೋದರೆ ಮೇಲ್ವಿಚಾರಕರೂ ನಮ್ಮೊಂದಿಗೇ ಕತ್ತಲಲ್ಲಿರುತ್ತಾರೆ, ಅವರಿಗೆ ವಿವರಿಸುವ ಅಗತ್ಯವೇ ಬೀಳುವುದಿಲ್ಲ.

ಆದ್ದರಿಂದ ಸೇರುವವರು ಏಜೆಂಟರ ಮಾತು ಬಿಟ್ಟು, ಕೋರ್ಸ್ ಯಾವ ವಿಧಾನದಲ್ಲಿ ಮಾನ್ಯವಾಗಿದೆ ಎಂಬುದನ್ನು ಯುಜಿಸಿಯ ದೂರಶಿಕ್ಷಣ ಬ್ಯೂರೊದ ಜಾಲತಾಣದಲ್ಲಿ ನೀವೇ ನೋಡಿಕೊಳ್ಳಿ. ಪರೀಕ್ಷೆ ಕೇಂದ್ರದಲ್ಲೋ ಮನೆಯಲ್ಲೋ, ಸಂಪರ್ಕ ಕಡಿದರೆ ಏನು ಗತಿ, ದೂರನ್ನು ಓದುವವರು ಮನುಷ್ಯರೇ ಎಂಬುದನ್ನೆಲ್ಲ ಬರಹದಲ್ಲಿ ಪಡೆಯಿರಿ. ಕರೆಂಟು ಹೋದ ದಿನ ಬೆಸ್ಕಾಂಗೆ ದೂರು ಕೊಟ್ಟು ಅದರ ಸಂಖ್ಯೆ ಇಟ್ಟುಕೊಳ್ಳಿ. ನನ್ನ ಬಳಿ ಅದಿರಲಿಲ್ಲ.

ಮರುಪರೀಕ್ಷೆಯ ಶುಲ್ಕ ಕಟ್ಟಿದ್ದೇನೆ. ಅದಕ್ಕಾಗಿ ತುಮಕೂರಿನಲ್ಲಿ ಜನರೇಟರ್ ಇರುವ ಲಾಡ್ಜೊಂದರಲ್ಲಿ, ರಸ್ತೆಯ ಕಡೆಗೆ ಕಿಟಕಿಯಿಲ್ಲದ ಕೋಣೆಯನ್ನೇ ಕೇಳಿ ಒಂದು ದಿನಕ್ಕೆ ಗೊತ್ತು ಮಾಡಿದ್ದೇನೆ.