ಸ್ಪೀಕರ್ ಹೋದರೆ ಬೋರ್ಡ್ ಹೋಗಿದೆ ಅಂತಾರೆ, ನಂಬಬೇಡಿ

ಶಿವಮೊಗ್ಗದಲ್ಲಿ ಹೋಂ ಥಿಯೇಟರ್ ರಿಪೇರಿಗೆ ಕೊಡುವವರು ಕೊಡೋ ಮೊದಲು ಇದನ್ನು ಓದಿ. ನನಗಂತೂ ಸಿಟ್ಟು ಇನ್ನೂ ಇಳಿದಿಲ್ಲ.

ನಮ್ಮ ಮನೆ ತೀರ್ಥಹಳ್ಳಿ ಹತ್ತಿರ. 5.1 ಸೆಟ್ ಇದೆ, ಅಂದರೆ ಐದು ಸ್ಪೀಕರ್, ಒಂದು ಬಾಸ್ ಡಬ್ಬ. ಮಳೆಗಾಲದಲ್ಲಿ ಮಧ್ಯದ ಸ್ಪೀಕರ್ ಕರಕರ ಅನ್ನತೊಡಗಿತು, ಆಮೇಲೆ ಪೂರ್ತಿ ನಿಂತೇ ಹೋಯಿತು. ಹಾಡು, ಫೈಟು ಕೇಳುತ್ತೆ, ಮಾತು ಮಾತ್ರ ಕೇಳಲ್ಲ. ಸಿನಿಮಾದ ಮಾತು ಹೆಚ್ಚಾಗಿ ಆ ಸ್ಪೀಕರಿನಿಂದಲೇ ಬರೋದಲ್ವಾ.

ಎಲ್ಲ ಕಟ್ಟಿಕೊಂಡು ಬಸ್ಸಲ್ಲಿ ಶಿವಮೊಗ್ಗಕ್ಕೆ ಒಯ್ದೆ. ಅಂಗಡಿಯವರು ಸ್ಪೀಕರ್ ಮುಟ್ಟಿಯೂ ನೋಡಲಿಲ್ಲ. "ಯಾವೂರು ಸಾರ್?" ಅಂದರು. ಹೇಳಿದೆ. "ಹಾಗಾದ್ರೆ ಸಿಡಿಲೇ. ಆಂಪ್ಲಿಫೈಯರ್ ಬೋರ್ಡ್ ಹೋಗಿದೆ." ಊರಿನ ಹೆಸರು ಕೇಳಿಯೇ ರೋಗ ಹೇಳಿಬಿಟ್ಟರು! ಸಿಡಿಲು ಬಡಿದಿದ್ದರೆ ಉಳಿದ ಸ್ಪೀಕರುಗಳು ಹೇಗೆ ಹಾಡುತ್ತಿದ್ದವು ಅಂತ ಕೇಳಿದೆ. "ಅದೆಲ್ಲ ಹಾಗೇ ಸಾರ್, ನಿಮಗೆ ಗೊತ್ತಾಗಲ್ಲ."

ಬೋರ್ಡಿಗೆ ಹೊಸ ಐಸಿ (ಚಿಪ್) ಹಾಕಿದ್ದೇವೆ ಅಂತ 3,800 ರೂಪಾಯಿ ತಗೊಂಡರು. ಹಾಕಿ ತೋರಿಸಿದರು, ಸ್ಪಷ್ಟವಾಗಿ ಕೇಳಿಸಿತು. ತೋರಿಸಿದ್ದು ಅವರ ಅಂಗಡಿಯ ಸ್ಪೀಕರಿನಲ್ಲಿ! ನನ್ನದು ಪಕ್ಕದಲ್ಲಿ ಕಟ್ಟಿದ ಹಾಗೇ ಇತ್ತು. ಮನೆಗೆ ತಂದು ಹಾಕಿದರೆ ಉಸಿರಿಲ್ಲ. ಫೋನ್ ಮಾಡಿದರೆ, "ಬಸ್ಸಲ್ಲಿ ಕುಲುಕಿರ್ಬೇಕು ಸಾರ್."

ಐಟಿಐ ಓದುವ ಅಕ್ಕನ ಮಗ ಬಂದ. ಸೆಟ್ ಆಫ್ ಮಾಡಿ ವೈರ್ ಅದಲುಬದಲು ಮಾಡಿದ. ಮಧ್ಯದ ವೈರಿಗೆ ಎಡಗಡೆ ಸ್ಪೀಕರ್ ಹಾಕಿದ, ಮಾತು ಬಂತು. ಎಡಗಡೆ ವೈರಿಗೆ ಮಧ್ಯದ ಸ್ಪೀಕರ್ ಹಾಕಿದ, ಏನೂ ಇಲ್ಲ. ಅಷ್ಟೇ, ಕೆಟ್ಟಿದ್ದು ಸ್ಪೀಕರ್. ಅದರ ಹಿಂದಿನ ಕನೆಕ್ಷನ್ನಿಗೆ ಮಲ್ಟಿಮೀಟರ್ ಹಿಡಿದರೆ ರೀಡಿಂಗೇ ಇಲ್ಲ. ಬಿಚ್ಚಿ ಒಳಗಿನ ಕಾಯಿಲಿಗೆ ಹಿಡಿದರೆ 6 ಓಮ್ ಮೇಲೆ ತೋರಿಸಿತು. 8 ಓಮ್ ಸ್ಪೀಕರಿಗೆ ಅದು ಸರಿಯಾದ ಲೆಕ್ಕ. ಕಾಯಿಲ್ ಚೆನ್ನಾಗಿದೆ, ನಮ್ಮ ಥಂಡಿಗೆ ನಡುವಿನ ವೈರ್ ಹಸಿರುಗಟ್ಟಿ ತುಂಡಾಗಿತ್ತು. ಬೇರೆ ತುಂಡು ಹಾಕಿ ಬೆಸುಗೆ ಹಚ್ಚಿದ, ಸ್ಪೀಕರ್ ಮಾತಾಡಿತು.

ಆಮೇಲೆ ಆಂಪ್ಲಿಫೈಯರ್ ಬಿಚ್ಚಿದ. ಹೊಟ್ಟೆ ಉರಿದುಹೋಯಿತು. ಬೋರ್ಡ್ ಮೇಲೆ ವರ್ಷಗಳ ಧೂಳು ಹಾಗೇ ಕೂತಿದೆ. ಐಸಿ ಸುತ್ತಲೂ ಧೂಳು! ಹೊಸ ಬೆಸುಗೆಯ ಗುರುತು ಒಂದೂ ಇಲ್ಲ. ಕೈಯೇ ಹಾಕಿಲ್ಲ ಅವರು. ಕೈಯೇ ಹಾಕದೆ 3,800!

ಫೋಟೊ ಹಿಡಿದು ಹೋದೆ. ಹಳೇ ಐಸಿ ಕೊಡಿ ಅಂದೆ. "ಕಸಕ್ಕೆ ಹೋಯ್ತು." ಬಿಲ್? "ಬಿಲ್ ಬುಕ್ ಮುಗಿದಿದೆ." ಧೂಳು? "ಯಾರೋ ಹುಡುಗರ ಮಾತು ಕಟ್ಕೊಂಡು ಬರ್ತೀರಲ್ಲ ಸಾರ್, ಈ ವಯಸ್ಸಲ್ಲಿ." ಅಂಗಡಿ ತುಂಬ ಗಿರಾಕಿಗಳು. ಎಲ್ಲರೂ ನನ್ನನ್ನೇ ನೋಡಿದರು. ದುಡ್ಡಿಗಿಂತ ಜಾಸ್ತಿ ನೋವಾಗಿದ್ದು ಅದು. ಮೋಸ ಮಾಡಿದವರು ಅವರು, ತಲೆ ತಗ್ಗಿಸಿ ಹೊರಗೆ ಬಂದವನು ನಾನು.

ಮೊದಲು ಮನೆಯಲ್ಲೇ ವೈರ್ ಅದಲುಬದಲು ಮಾಡಿ ನೋಡಿ. ಅಂಗಡಿಯಲ್ಲಿ ನಿಮ್ಮದೇ ಸ್ಪೀಕರ್ ಹಾಕಿಸಿ ಕೇಳಿ. ತೆಗೆದ ಹಳೇ ಸಾಮಾನು ಕೈಗೆ ಬರದೆ ದುಡ್ಡು ಕೊಡಬೇಡಿ. ಸಿಡಿಲು ಅಂದರೆ ಎದ್ದು ಬನ್ನಿ.

ದುಡ್ಡು ವಾಪಸ್ ಬಂದಿಲ್ಲ. ಫೋನಿನಲ್ಲಿ ಕಳಿಸಿದ ಹಣದ ದಾಖಲೆ ಇದೆ. ರಾಷ್ಟ್ರೀಯ ಗ್ರಾಹಕ ಸಹಾಯವಾಣಿ 1915ಕ್ಕೆ ಫೋನ್ ಮಾಡಿ ದೂರು ಹೇಳಿದ್ದೇನೆ. ಕೊಟ್ಟ ಹಣ 5 ಲಕ್ಷದೊಳಗಿದ್ದರೆ ಜಿಲ್ಲಾ ಗ್ರಾಹಕರ ಆಯೋಗದಲ್ಲಿ ಶುಲ್ಕವೂ ಇಲ್ಲ. ಅಲ್ಲಿಗೂ ಹೋಗುತ್ತೇನೆ, ಬಿಡೋದಿಲ್ಲ.