ಬ್ರೆಡ್ ಮಷೀನಾ, ಓಟಿಜಿಯಾ?

ಬಿಳಿ ಬ್ರೆಡ್ ಮನೆಯಲ್ಲೇ ಮಾಡಬೇಕು, ಯಾವುದು ತೊಗೊಳ್ಳಲಿ ಅಂತ ಯೋಚನೆಯಾ? ಕಾಸರಗೋಡಿನ ನಮ್ಮ ಮನೆಯಲ್ಲಿ ತಾನೇ ನಾದಿ ಬೇಯಿಸುವ ಬ್ರೆಡ್ ಮಷೀನ್, ಓಟಿಜಿ ಅಂದರೆ ಕರೆಂಟಿನ ಚಿಕ್ಕ ಓವನ್, ಎರಡೂ ಇವೆ.

ಮಷೀನಿನಲ್ಲಿ ನಮ್ಮ ಕೆಲಸ ಐದೇ ನಿಮಿಷ. ಮೊದಲು 300 ಮಿಲಿ ನೀರು, ಸ್ವಲ್ಪ ಎಣ್ಣೆ, ಉಪ್ಪು, ಸಕ್ಕರೆ. ಮೇಲೆ 500 ಗ್ರಾಂ ಮೈದಾ. ಮೈದಾದ ನಡುವೆ ಸಣ್ಣ ಗುಂಡಿ ಮಾಡಿ ಒಂದು ಟೀ ಚಮಚ ಇನ್‌ಸ್ಟಂಟ್ ಯೀಸ್ಟ್. ಅದು ಮೊದಲೇ ನೀರಿಗೆ, ಉಪ್ಪಿಗೆ ತಾಗಬಾರದು. ಬೇಸಿಕ್ ಬಟನ್ ಒತ್ತಿದರೆ ಸುಮಾರು ಮೂರು ಗಂಟೆಯಲ್ಲಿ ಬ್ರೆಡ್ ರೆಡಿ. ತಳದಲ್ಲಿ ಕಲಸುವ ಅಲಗಿನ ತೂತು ಮಾತ್ರ ಉಳಿಯುತ್ತದೆ.

ಓಟಿಜಿಗಾದರೆ ಹತ್ತು ನಿಮಿಷ ಕೈಯಲ್ಲೇ ನಾದಬೇಕು. ಆದರೆ ನಮ್ಮ ಕರಾವಳಿ ಸೆಕೆಗೆ ಅದೇ ಒಳ್ಳೆಯದು ಅನಿಸುತ್ತದೆ. ಹಿಟ್ಟು ಬೇಗ ಉಬ್ಬಿದರೆ ಬೇಗ ಬೇಯಿಸಬಹುದು, ಅಲ್ವಾ? ಮಷೀನ್ ಹಿಟ್ಟು ನೋಡುವುದಿಲ್ಲ, ಹೊತ್ತು ನೋಡುತ್ತದೆ. ಏಪ್ರಿಲ್‌ನಲ್ಲಿ ಒಮ್ಮೆ ಬ್ರೆಡ್ ಮುಚ್ಚಳದವರೆಗೆ ಉಬ್ಬಿ, ನಡುವೆ ಕುಸಿದು ಹೋಯಿತು. ತುಂಬಾ ಬೇಜಾರಾಯಿತು. ಆಮೇಲೆ ಫ್ರಿಜ್ ನೀರು ಹಾಕಿದೆ, ಯೀಸ್ಟ್ ಕಾಲು ಭಾಗ ಕಮ್ಮಿ ಮಾಡಿದೆ, ಸರಿಯಾಯಿತು. ಮಳೆಗಾಲದಲ್ಲಿ ಮೈದಾಕ್ಕೇ ತೇವ ಇರುತ್ತದೆ, ನೀರು ಒಂದೆರಡು ಚಮಚ ಕಮ್ಮಿ ಸಾಕು.

ಕರೆಂಟ್ ಜಾಸ್ತಿ ಹೋಗುವ ಊರಾದರೆ ಓಟಿಜಿ ತೊಗೊಳ್ಳಿ. ನಾದಿದ ಹಿಟ್ಟು ಫ್ರಿಜ್‌ನಲ್ಲಿ ಕಾಯುತ್ತದೆ. ವಾರಕ್ಕೆ ಮೂರು ಸಲ ಬ್ರೆಡ್ ಬೇಕು, ನಾದಲು ಪುರುಸೊತ್ತಿಲ್ಲ ಅನ್ನುವವರಿಗೆ ಮಷೀನೇ ಸರಿ.